ಬಸುರಿಯ ಉಬ್ಬಸ, ಬಾಣಂತಿ ಕೋಣೆಯ ಹೊಗೆ: ಒಂದು ಆಪ್ತಸಲಹೆ ಪ್ರಕರಣ

ಜುಲೈ ತಿಂಗಳ ಜಡಿಮಳೆಯಲ್ಲಿ, ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆಯೊಂದರಿಂದ 26 ವಾರದ ಗರ್ಭಿಣಿಯೊಬ್ಬರು ಅತ್ತೆಯೊಂದಿಗೆ ನನ್ನಲ್ಲಿಗೆ ಬಂದಿದ್ದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಚಿಕ್ಕಂದಿನಿಂದ ಉಬ್ಬಸವಿದ್ದ ಅವರು, ಸ್ಟೀರಾಯ್ಡ್ ಮಗುವಿಗೆ ತಗಲೀತೆಂಬ ಭಯದಿಂದ, ಬಸಿರು ಖಚಿತವಾದ ದಿನವೇ ಪ್ರತಿದಿನ ಸೇದಬೇಕಾದ ಬುಡೆಸೊನೈಡ್ ಇನ್ಹೇಲರನ್ನು ಯಾರನ್ನೂ ಕೇಳದೆ ಬಿಟ್ಟಿದ್ದರು. ಮೇಜಿನ ಮೇಲೆ ಇಟ್ಟ ಅದರ ಡೋಸ್ ಎಣಿಕೆ 104ರಲ್ಲೇ ನಿಂತಿತ್ತು. ಉಸಿರುಗಟ್ಟಿದಾಗ ಬಳಸುವ ಸಾಲ್ಬುಟಮಾಲ್ ಮಾತ್ರ ದಿನಕ್ಕೆ ನಾಲ್ಕೈದು ಬಾರಿ ಬೇಕಾಗುತ್ತಿತ್ತು.

"ಬಸುರಿಗೆ ಏದುಸಿರು ಇದ್ದದ್ದೇ ಅಲ್ವಾ ಮೇಡಂ?" ಎಂದರು ಅತ್ತೆ. ಆ ಮಾತು ಪೂರ್ತಿ ತಪ್ಪಲ್ಲ. ಆದರೆ ಸುಂಯ್‌ಗುಟ್ಟುವ ಎದೆಯೂ ರಾತ್ರಿ ಎಬ್ಬಿಸಿ ಕೂರಿಸುವ ಕೆಮ್ಮೂ ಬಸಿರಿನವಲ್ಲ, ಉಬ್ಬಸದವು. ಉಬ್ಬಸವಿರುವ ಗರ್ಭಿಣಿಯರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಉಲ್ಬಣಿಸುತ್ತದೆ. ಅದು ಹತೋಟಿ ತಪ್ಪಿದರೆ ಅವಧಿಗೆ ಮುಂಚಿನ ಹೆರಿಗೆ, ಮಗುವಿನ ಕಡಿಮೆ ತೂಕ, ತಾಯಿಯ ರಕ್ತದೊತ್ತಡ ಏರುವಿಕೆ ಇವುಗಳ ಸಂಭವ ಹೆಚ್ಚುತ್ತದೆಯೆಂದೂ, ಸೇದುವ ಸ್ಟೀರಾಯ್ಡ್‌ಗಳ ಪೈಕಿ ಗರ್ಭಿಣಿಯರಲ್ಲಿ ಬಹುಕಾಲದಿಂದ ಬಳಸಿ ನೋಡಿರುವುದು ಬುಡೆಸೊನೈಡನ್ನೇ ಎಂದೂ ವಿವರಿಸಿ, ಅಂದೇ ವೈದ್ಯರ ಬಳಿಗೆ ಕಳುಹಿಸಿದೆ. ಅವರು ಅದನ್ನು ಮತ್ತೆ ಆರಂಭಿಸಿದರು. ಇನ್ಹೇಲರಿಗೆ ಸ್ಪೇಸರ್ ಎಂಬ ಕೊಳವೆಯನ್ನು ಹಚ್ಚಿ ಸೇದಿ, ಬಾಯಿ ಮುಕ್ಕಳಿಸಿ ಉಗಿಯುವುದನ್ನು ದಾದಿ ಕಲಿಸಿದರು.

ಔಷಧಕ್ಕೆ ಅಷ್ಟು ಹೆದರಿದ ಮನೆಯಲ್ಲಿ ಹೊಗೆಯ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗುತ್ತಿದ್ದದ್ದು ಸೌದೆ ಒಲೆಯ ಮೇಲಿನ ಹಗ್ಗದಲ್ಲಿ. ಮಲಗುವ ಕೋಣೆಯ ಗೋಡೆ ಬೂಷ್ಟು ಹಿಡಿದಿತ್ತು. ಬಾಣಂತನಕ್ಕೆಂದು ಅತ್ತೆ ಸಾಂಬ್ರಾಣಿಯನ್ನೂ ಇದ್ದಲನ್ನೂ ಆಗಲೇ ಕೂಡಿಟ್ಟಿದ್ದರು. ಅವರ ಅಕ್ಕರೆಯನ್ನು ಹಳಿಯುವುದು ನನಗೆ ಸರಿಯೆನಿಸಲಿಲ್ಲ. "ಅಮ್ಮಾ, ತಲೆಗೂದಲು ಒಣಗುವುದು ಬಿಸಿಯಿಂದಲೋ, ಹೊಗೆಯಿಂದಲೋ?" ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಸಿಯಿಂದಲೇ" ಎಂದರು. ಹಾಗಿದ್ದರೆ ಹೇರ್ ಡ್ರೈಯರ್ ಸಾಕೆಂದೂ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಹೊಗೆ ಕಾಣದಿದ್ದರೂ ವಿಷಾನಿಲ ತುಂಬಿ ತಾಯಿ ಮಗು ಇಬ್ಬರಿಗೂ ಅಪಾಯವೆಂದೂ ತಿಳಿಸಿದೆ. ಗರ್ಭಿಣಿ ಇರುವ ಕಡೆ ಸೌದೆ ಒಲೆ ಬೇಡ, ಗ್ಯಾಸಿನಲ್ಲೇ ಅಡುಗೆಯಾಗಲಿ ಎಂಬುದಕ್ಕೆ ಅವರು ತಕರಾರಿಲ್ಲದೆ ಒಪ್ಪಿದರು.

ಸಾಲ್ಬುಟಮಾಲ್ ಸೇದಿಯೂ ಉಸಿರು ತಿಳಿಯಾಗದಿದ್ದರೆ, ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಅಥವಾ ಮಗುವಿನ ಒದೆತ ಕಡಿಮೆಯೆನಿಸಿದರೆ ಬೆಳಗಾಗಲೆಂದು ಕಾಯದೆ ಹೊರಡಬೇಕೆಂದು ಹೇಳಿದೆ. ಮರ ಬಿದ್ದೋ ಗುಡ್ಡ ಕುಸಿದೋ ರಸ್ತೆ ಮುಚ್ಚುವ ನಮ್ಮ ಜಿಲ್ಲೆಯಲ್ಲಿ ಒಂದು ಗಂಟೆಯ ತಡವೂ ದುಬಾರಿಯಾದೀತು. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಕೊಡುವ ಕಾರ್ಬೊಪ್ರೋಸ್ಟ್ ಚುಚ್ಚುಮದ್ದು ಶ್ವಾಸನಾಳಗಳನ್ನು ಬಿಗಿಯಿಸಬಲ್ಲದಾದ್ದರಿಂದ, ತಾಯಿ ಕಾರ್ಡಿನ ಮೊದಲ ಪುಟದಲ್ಲೇ 'ಉಬ್ಬಸವಿದೆ' ಎಂದು ಬರೆಸಿದೆವು.

ಅಕ್ಟೋಬರಿನಲ್ಲಿ ಹೆರಿಗೆಯಾಯಿತು. ಹತ್ತನೆಯ ದಿನ ಫೋನ್ ಮಾಡಿದವರು ಅತ್ತೆ: "ಇನ್ಹೇಲರ್ ಸೇದಿ ಎಷ್ಟು ಹೊತ್ತಿನ ಮೇಲೆ ಹಾಲು ಕುಡಿಸಬೇಕು ಮೇಡಂ?" ಹಾಲಿಗೆ ಇಳಿಯುವ ಔಷಧ ಅತ್ಯಲ್ಪ, ಕಾಯುವ ಅಗತ್ಯವಿಲ್ಲ, ಮಗು ಅತ್ತ ಕೂಡಲೇ ಕುಡಿಸಲಿ ಎಂದೆ.