ಮನೆ ಉಳಿಸಿಕೊಡುತ್ತೇನೆಂದು ಬಂದವನ ಕಾಗದ: ಒಂದು ಸಾಲದ ಪ್ರಕರಣ

(ದಂಪತಿಯ ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನಡುವಯಸ್ಸಿನ ಆ ದಂಪತಿ ನನ್ನ ಬಳಿ ಬಂದದ್ದು ಒಂದು ಕಾಗದಕ್ಕೆ ಸಹಿ ಹಾಕಬಹುದೇ ಎಂದು ಕೇಳಲು. ಪತ್ನಿಯ ಕೈಚೀಲದ ತುಂಬ ಒಡೆಯದ ಲಕೋಟೆಗಳಿದ್ದವು. "ಇವರು ಏಳು ತಿಂಗಳಿಂದ ಒಂದನ್ನೂ ಒಡೆದು ನೋಡಿಲ್ಲ, ಮೇಡಂ. ಬೀರುವಿನ ಹಿಂದೆ ಸಿಕ್ಕವು" ಎಂದು ಆಕೆ ಹೇಳುತ್ತಿದ್ದಾಗ ಪತಿ ನೆಲ ನೋಡುತ್ತಾ ಕುಳಿತಿದ್ದರು. ಗಾಯಗೊಂಡು ಅವರ ದುಡಿಮೆ ಅರ್ಧಕ್ಕಿಳಿದ ಮೇಲೆ ಮನೆಯ ಅಡಮಾನ ಸಾಲದ ಮೂರು ಕಂತು ತಪ್ಪಿತ್ತು. ಎರಡು ಕ್ರೆಡಿಟ್ ಕಾರ್ಡ್, ಒಂದು ವೈಯಕ್ತಿಕ ಸಾಲ ಮತ್ತು ಅಣ್ಣನ ಕೈಸಾಲ ಬೇರೆ ಇದ್ದವು.

ಫೋನಿನಲ್ಲಿ ಪರಿಚಯವಾದ 'ಸಾಲ ಪರಿಹಾರ ಸಲಹೆಗಾರ'ನೊಬ್ಬ ಎಲ್ಲ ಸಾಲವನ್ನೂ ಒಂದಾಗಿಸಿ ಮನೆ ಉಳಿಸಿಕೊಡುವುದಾಗಿ ಭರವಸೆ ಕೊಟ್ಟಿದ್ದನಂತೆ. ಆದರೆ ಶುಲ್ಕವನ್ನು ಮುಂಗಡವಾಗಿಯೇ ಕೊಡಬೇಕು, ಸಾಲ ಕೊಟ್ಟವರ ಕರೆಗಳಿಗೆ ಉತ್ತರಿಸಬಾರದು, ಮನೆಯನ್ನು 'ತಾತ್ಕಾಲಿಕವಾಗಿ' ಅವನು ಹೇಳಿದವರ ಹೆಸರಿಗೆ ಬರೆದುಕೊಡಬೇಕು, ಎಲ್ಲವೂ ಎರಡೇ ದಿನದಲ್ಲಿ ಮುಗಿಯಬೇಕು. ಸಹಿಗೆಂದು ಕೊಟ್ಟ ಹಾಳೆಗಳಲ್ಲಿ ಎರಡು ಪೂರ್ತಿ ಖಾಲಿಯಾಗಿದ್ದವು. ಇವುಗಳಲ್ಲಿ ಯಾವುದೊಂದಿದ್ದರೂ ಎದ್ದು ಬರಬೇಕೆಂದು ನಾನು ಸಾಮಾನ್ಯವಾಗಿ ಹೇಳುತ್ತೇನೆ. ಇಲ್ಲಿ ಎಲ್ಲವೂ ಒಟ್ಟಿಗೇ ಇದ್ದವು. ಹೆಸರು ವರ್ಗಾವಣೆಯ ವಿಷಯವನ್ನು ಮಾತ್ರ ಬಿಡಿಸಿ ಹೇಳಬೇಕಾಯಿತು: ಮನೆ ಬೇರೆಯವರ ಹೆಸರಿಗೆ ಹೋದರೂ ಅಡಮಾನ ಸಾಲ ಇವರ ಹೆಸರಿನಲ್ಲೇ ಉಳಿಯುತ್ತದೆ, ಹೊಸ ಮಾಲೀಕ ಅದನ್ನು ಮಾರಬಹುದು, ಮತ್ತೆ ಅಡವಿಡಬಹುದು, ಇವರನ್ನೇ ಬಾಡಿಗೆದಾರರನ್ನಾಗಿ ಮಾಡಿ ಹೊರಹಾಕಲೂಬಹುದು.

ಪತಿಗೆ ನನ್ನ ಮಾತು ಹಿಡಿಸಲಿಲ್ಲ. "ಅವನೊಬ್ಬನೇ ಮೇಡಂ ನನ್ನನ್ನು ಬೈಯದೆ ಮಾತಾಡಿದ್ದು" ಎಂದರು. ವಂಚಕರು ಗೆಲ್ಲುವುದು ಬಹುಮಟ್ಟಿಗೆ ಈ ಜಾಗದಲ್ಲೇ ಎಂದು ನನಗನಿಸುತ್ತದೆ; ಅವಮಾನದಿಂದ ಕುಗ್ಗಿದವರಿಗೆ ಮೃದುವಾದ ದನಿಯೇ ಪ್ರಾಮಾಣಿಕತೆಯ ಗುರುತಾಗಿ ಕಾಣುತ್ತದೆ. ಆದ್ದರಿಂದ ಆ ದಿನ ನಾನು ಲೆಕ್ಕವನ್ನು ಬದಿಗಿಟ್ಟು, ಲಕೋಟೆಗಳನ್ನು ಅವರ ಕೈಯಿಂದಲೇ ಒಂದೊಂದಾಗಿ ಒಡೆಸಿ ದಿನಾಂಕದ ಪ್ರಕಾರ ಜೋಡಿಸಿದೆ. ಸಾಲ ಕೊಟ್ಟ ಸಂಸ್ಥೆಯ ಪತ್ರವೊಂದರಲ್ಲಿ, ಕಷ್ಟದಲ್ಲಿರುವವರು ಕಂತಿನ ಮರುಹೊಂದಾಣಿಕೆಗೆ ಅರ್ಜಿ ಹಾಕಬಹುದೆಂಬ ಸಾಲು ಐದು ತಿಂಗಳಿಂದ ಅವರಿಗಾಗಿ ಕಾದು ಕುಳಿತಿತ್ತು.

ಎರಡನೆಯ ಭೇಟಿಯಲ್ಲಿ ಲೆಕ್ಕಕ್ಕೆ ಕುಳಿತಾಗ, ಇಷ್ಟು ದಿನ ಹಣವೆಲ್ಲ ಹೆಚ್ಚು ಗಲಾಟೆ ಮಾಡಿದವರಿಗೆ ಹೋಗಿರುವುದು ಕಂಡಿತು. ಕಾರ್ಡಿನವರು ದಿನಕ್ಕೆ ಹತ್ತು ಸಲ ಕರೆ ಮಾಡುತ್ತಿದ್ದರು, ಗೃಹಸಾಲದವರು ಪತ್ರ ಬರೆದು ಸುಮ್ಮನಿದ್ದರು. ಆದರೆ ಮನೆಯ ಮೇಲೆ ನೇರವಾದ ಹಕ್ಕಿರುವುದು ಆ ಸುಮ್ಮನಿದ್ದವರಿಗೇ. ಅಡಮಾನವಿಲ್ಲದ ಸಾಲದವರು ಸಾಮಾನ್ಯವಾಗಿ ಮೊದಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಹಾಗಾಗಿ ಆಹಾರ, ಔಷಧ, ವಿದ್ಯುತ್ತಿನ ಖರ್ಚು ತೆಗೆದ ಮೇಲೆ ಉಳಿದದ್ದರಲ್ಲಿ ಮೊದಲ ಪಾಲು ಗೃಹಸಾಲಕ್ಕೆ ಹೋಗಬೇಕೆಂದೂ, ಕಾರ್ಡಿನವರೊಂದಿಗೆ ಲಿಖಿತವಾಗಿ ಮಾತ್ರ ವ್ಯವಹರಿಸಿ ಬಡ್ಡಿ ನಿಲ್ಲಿಸಲು ಇಲ್ಲವೇ ಇಳಿಸಲು ಕೋರಬೇಕೆಂದೂ ಸಲಹೆ ಕೊಟ್ಟೆ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ 3. ವರ್ಷಕ್ಕೆ 36 ಎಂದು ಅವರು ನಂಬಿದ್ದರು, ಬಡ್ಡಿ ಅಸಲಿಗೆ ಸೇರುತ್ತಾ ಹೋದರೆ ಅದು 42 ದಾಟುತ್ತದೆ. ಹಾಗೆಂದು ಕಾರ್ಡಿನ ಬಾಕಿಯನ್ನು ಗೃಹಸಾಲಕ್ಕೆ ಸೇರಿಸುವುದನ್ನು ನಾನು ಬೇಡವೆಂದೆ, ಏಕೆಂದರೆ ಬಡ್ಡಿ ಕಡಿಮೆಯಾದರೂ ಮನೆಗೆ ಸಂಬಂಧವೇ ಇಲ್ಲದಿದ್ದ ಸಾಲಕ್ಕೆ ಮನೆಯನ್ನೇ ಒತ್ತೆಯಿಟ್ಟಂತಾಗುತ್ತದೆ.

ಹಾಗಾದರೆ ನಂಬುವುದು ಯಾರನ್ನು ಎಂದು ಪತ್ನಿ ಕೇಳಿದರು. ಲಾಭದ ಉದ್ದೇಶವಿಲ್ಲದ ಸಾಲ ಸಲಹಾ ಕೇಂದ್ರ, ಉಚಿತ ಕಾನೂನು ನೆರವು, ಸಾಲ ಕೊಟ್ಟ ಸಂಸ್ಥೆಯದೇ ಮರುಹೊಂದಾಣಿಕೆ ವಿಭಾಗ, ಈ ಮೂರನ್ನು ಮೊದಲು ನೋಡಿ ಎಂದೆ. ಸಲಹೆಗಾರರ ನೋಂದಣಿಯನ್ನು ಅವರು ತೋರಿಸುವ ಪ್ರಮಾಣಪತ್ರದಲ್ಲಿ ನೋಡದೆ ನಿಯಂತ್ರಕರ ಪಟ್ಟಿಯಲ್ಲೇ ಹುಡುಕಬೇಕು. ಒಳ್ಳೆಯ ಸಲಹೆಗಾರ ಪರಿಹಾರ ಹೇಳುವ ಮೊದಲು ಎಲ್ಲ ಸಾಲಪತ್ರಗಳನ್ನೂ ನೋಡಬಯಸುತ್ತಾನೆ, ಮನೆಗೆ ಒಯ್ದು ಓದಲು ಸಮಯ ಕೊಡುತ್ತಾನೆ, ತನ್ನ ಸಲಹೆಯಿಂದಾಗುವ ನಷ್ಟವನ್ನೂ ಹೇಳುತ್ತಾನೆ. ನಾನೂ ಹೇಳಬೇಕಾಯಿತು: ಶೇಕಡಾ 9ರ ಬಡ್ಡಿಯಲ್ಲಿ ಉಳಿದ ಅವಧಿಯನ್ನು 10 ವರ್ಷದಿಂದ 15ಕ್ಕೆ ಏರಿಸಿದರೆ ಕಂತು ಐದನೇ ಒಂದರಷ್ಟು ಇಳಿಯುತ್ತದೆ, ಆದರೆ ಒಟ್ಟು ಬಡ್ಡಿ ಒಂದೂವರೆ ಪಟ್ಟಿಗೂ ಮೀರುತ್ತದೆ.

ದುಬಾರಿಯೆಂದು ತಿಳಿದೇ ಅವರು ಅದನ್ನು ಆರಿಸಿಕೊಂಡರು. ವೈದ್ಯರ ಪತ್ರವನ್ನೂ ಆದಾಯದ ಲೆಕ್ಕವನ್ನೂ ಲಗತ್ತಿಸಿದ ಅರ್ಜಿಗೆ ಒಪ್ಪಿಗೆ ಬರಲು ಎರಡು ತಿಂಗಳು ಹಿಡಿಯಿತು. ತಪ್ಪಿದ ಮೂರು ಕಂತುಗಳನ್ನು ಅಸಲಿಗೆ ಸೇರಿಸಲಾಯಿತು. ಕಾರ್ಡೊಂದರ ಮಾತುಕತೆ ಇನ್ನೂ ಮುಗಿದಿಲ್ಲ. ಅಣ್ಣನಿಗೆ ಪರಿಸ್ಥಿತಿಯನ್ನು ತಿಳಿಸಲು ಪತಿ ಇನ್ನೂ ಹಿಂಜರಿಯುತ್ತಿದ್ದಾರೆ, ಮುಂದಿನ ಭೇಟಿಯನ್ನು ಅದಕ್ಕಾಗಿಯೇ ಇಟ್ಟುಕೊಂಡಿದ್ದೇವೆ.