ಓದುಗರ ಪ್ರಶ್ನೆ: ಡ್ರಾಯಿಂಗ್ ಜೊತೆಗೆ ಸಂಸ್ಕೃತವನ್ನೂ ಕಲಿಸಬೇಕು

ಪ್ರಶ್ನೆ: ಬಿವಿಎ (ದೃಶ್ಯಕಲೆಯ ಪದವಿ) ಮುಗಿದಿದೆ, ಸಂಸ್ಕೃತ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಬೆಂಗಳೂರಿನ ಶಾಲೆಯಲ್ಲಿ ಎರಡನ್ನೂ ಕಲಿಸುವ ಆಸೆ. ಬಿ.ಎಡ್. ಬೇಕೇ ಬೇಕೇ?
– ಓದುಗರು, ಬಸವನಗುಡಿ

ಉತ್ತರ: ಸಂಸ್ಕೃತಕ್ಕಾಗಿ ಮಾಡಿಬಿಡಿ. ಡ್ರಾಯಿಂಗ್ ಹುದ್ದೆಗೆ ಖಾಸಗಿ ಶಾಲೆಗಳು ಸಾಮಾನ್ಯವಾಗಿ ಬಿವಿಎ ನೋಡಿಯೇ ಕರೆಯುತ್ತವೆ. ಭಾಷಾ ಶಿಕ್ಷಕರಿಗೆ ಬಿ.ಎಡ್. ಕೇಳುತ್ತಾರೆ. ಕೋರ್ಸ್ 2 ವರ್ಷದ್ದು, ಅದರಲ್ಲಿ 20 ವಾರ ಶಾಲೆಯ ಒಡನಾಟದಲ್ಲೇ ಕಳೆಯುತ್ತದೆ. ಎಡವುವುದು ಪ್ರವೇಶದ ಹೊತ್ತಿಗೆ. ಬಿವಿಎಯಲ್ಲಿ ಶಾಲಾ ವಿಷಯಗಳಿಲ್ಲದ್ದರಿಂದ ಎಂ.ಎ. ಆಧಾರದ ಮೇಲೆ ಸಂಸ್ಕೃತವನ್ನು ಬೋಧನಾ ವಿಷಯವಾಗಿ ಕೊಡುತ್ತಾರೆಯೇ, ಎರಡನೇ ವಿಷಯ ಯಾವುದು ಎಂದು ಫೀ ಕಟ್ಟುವ ಮುಂಚೆಯೇ ಕಾಲೇಜಿನಿಂದ ಬರೆಸಿಕೊಳ್ಳಿ.

ಅರ್ಜಿಯಲ್ಲಿ ಸಂಸ್ಕೃತವನ್ನು ಮುಂದಿಡಿ. ಅದು ಪ್ರಥಮ ಭಾಷೆಯಾಗಿರುವ ಶಾಲೆಯಲ್ಲಿ ಪಿರಿಯಡ್‌ಗಳು ಹೆಚ್ಚು. ಡ್ರಾಯಿಂಗ್‌ಗೆ ತರಗತಿಗೆ ವಾರಕ್ಕೆ ಒಂದೋ ಎರಡೋ. ಉಳಿದ ಪಿರಿಯಡ್‌ಗಳಿಗೆ ಡ್ರಾಯಿಂಗ್ ಸೇರಿಕೊಳ್ಳುವುದು ಸುಲಭ, ತಿರುಗುಮುರುಗಾದರೆ ಕಷ್ಟ.

ಪ್ರಶ್ನೆ: ಡೆಮೊ ಕ್ಲಾಸ್‌ಗೆ ಎರಡೂ ವಿಷಯ ಕಾಣುವಂಥ ಪಾಠ ಯಾವುದು? ತರಗತಿ 9, ಸಮಯ 40 ನಿಮಿಷ.
– ಓದುಗರು, ಮಲ್ಲೇಶ್ವರಂ

ಉತ್ತರ: ಕಾಳಿದಾಸನ ಶಾಕುಂತಲದ ಆರನೇ ಅಂಕ ತೆಗೆದುಕೊಳ್ಳಿ. ದುಷ್ಯಂತ ಶಕುಂತಲೆಯ ಚಿತ್ರ ಬರೆದಿದ್ದಾನೆ, ಇನ್ನೇನು ಸೇರಿಸಬೇಕೆಂದು ಒಂದೇ ಶ್ಲೋಕದಲ್ಲಿ ಹೇಳುತ್ತಾನೆ: ಮರಳಿನಲ್ಲಿ ಹಂಸಜೋಡಿ ಕೂತ ಮಾಲಿನೀ ನದಿ, ಅದರ ಎರಡೂ ಕಡೆ ಜಿಂಕೆಗಳು ಮಲಗಿದ ಹಿಮಾಲಯದ ತಪ್ಪಲು, ಕೊಂಬೆಗೆ ನಾರುಮಡಿ ತೂಗುಹಾಕಿದ ಮರ, ಅದರ ಕೆಳಗೆ ಕೃಷ್ಣಮೃಗದ ಕೊಂಬಿಗೆ ಎಡಗಣ್ಣನ್ನು ಉಜ್ಜಿಕೊಳ್ಳುವ ಹೆಣ್ಣುಜಿಂಕೆ. ಚಿತ್ರಕಾರನಿಗೆ ಕೊಟ್ಟ ಪಟ್ಟಿಯೇ ಇದು! ಇಷ್ಟು ಚೆನ್ನಾಗಿ ಎರಡು ವಿಷಯಗಳನ್ನು ಬೆಸೆಯುವ ಪದ್ಯ ಸಿಗುವುದು ಅಪರೂಪ.

ಮೊದಲ 12 ನಿಮಿಷ ಪದಚ್ಛೇದ (ಕೂಡಿದ ಪದಗಳನ್ನು ಬಿಡಿಸುವುದು), ಅರ್ಥ. ಕನ್ನಡ ಅನುವಾದವನ್ನು ಬೋರ್ಡ್ ಮೇಲೆ ಬರೆಯಬೇಡಿ, ಬರೆದರೆ ಮಕ್ಕಳು ಅದನ್ನೇ ನೋಡಿ ಚಿತ್ರ ಹಾಕುತ್ತಾರೆ. ಆಮೇಲೆ 18 ನಿಮಿಷ ಪೆನ್ಸಿಲ್ ಕೆಲಸ. ಉಳಿದ ಹೊತ್ತು ಚಿತ್ರ ನೋಡಿ ವ್ಯಾಕರಣ ತಿದ್ದುವುದಕ್ಕೆ. ಹಂಸ ನೀರಲ್ಲಿ ತೇಲುತ್ತಿದ್ದರೆ ‘ಸೈಕತ’ ಎಂದರೆ ಮರಳು ಎಂಬುದು ತಲೆಗೆ ಹೋಗಿಲ್ಲ. ಹೆಣ್ಣಿಗೂ ಕೊಂಬು ಬಂದಿದ್ದರೆ ‘ಕೃಷ್ಣಮೃಗಸ್ಯ’ (ಕೃಷ್ಣಮೃಗದ) ಎಂಬ ಷಷ್ಠಿ ವಿಭಕ್ತಿಯೂ ‘ಮೃಗೀಂ’ ಎಂಬ ಸ್ತ್ರೀಲಿಂಗವೂ ಕೈತಪ್ಪಿವೆ. ‘ವಾಮನಯನಂ’, ಅಂದರೆ ಎಡಗಣ್ಣು, ಕಾಣಬೇಕಾದರೆ ಹೆಣ್ಣುಜಿಂಕೆಯ ಮುಖ ಹಾಳೆಯ ಎಡಕ್ಕೆ ತಿರುಗಿರಬೇಕು. ಅನೇಕರು ಬಲಕ್ಕೆ ತಿರುಗಿಸಿಬಿಡುತ್ತಾರೆ. ಇಂಥ ತಪ್ಪನ್ನು ಪ್ರಶ್ನೋತ್ತರದ ಪರೀಕ್ಷೆ ಎಂದೂ ಹೊರಗೆ ತರುವುದಿಲ್ಲ.

ಜಿಂಕೆ ಬರೆಯಲು ಬರುವುದಿಲ್ಲ ಎಂದು ಕೂತುಬಿಡುವ ಮಕ್ಕಳಿರುತ್ತಾರೆ. ದೇಹಕ್ಕೊಂದು ಮೊಟ್ಟೆಯಾಕಾರ, ತಲೆಗೊಂದು ಚಿಕ್ಕದು, ನಡುವೆ ಕುತ್ತಿಗೆಯ ಎರಡು ಗೆರೆ ಎಂದು ಬೋರ್ಡ್ ಮೇಲೆ ತೋರಿಸಿ, ಒರೆಸಿಬಿಡಿ.

ಪ್ರಶ್ನೆ: 40 ಮಕ್ಕಳಿಗೆ ಪೋಸ್ಟರ್ ಕಲರ್ ಕೊಟ್ಟರೆ ಎಲ್ಲರದ್ದೂ ಕೆಸರುಬಣ್ಣ, ಬೆಲ್ ಆದರೂ ನಲ್ಲಿಯ ಹತ್ತಿರ ಸಾಲು.
– ಹೊಸ ಶಿಕ್ಷಕಿ, ವಿಜಯನಗರ

ಉತ್ತರ: ಕೆಂಪು, ಹಳದಿ, ನೀಲಿ ಮೂರೂ ಕೂಡಿದರೆ ಕಂದು, ಕೊಳೆನೀರಿನ ಕುಂಚ ಅದನ್ನೇ ಮಾಡುತ್ತದೆ. ನಾಲ್ವರಿಗೆ ಎರಡು ಮಗ್ ನೀರು ಇಡಿ, ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣಕ್ಕೆ ಬೆರೆಸಲು. ಜೊತೆಗೆ ಹಳೇ ಬಟ್ಟೆ. ಹಳದಿಯನ್ನು ಮೊದಲು ಹಚ್ಚಿಸಿ, ಕಪ್ಪನ್ನು ಮೊದಲ ತಿಂಗಳು ಕೊಡಲೇಬೇಡಿ. 22×30 ಇಂಚಿನ ಹಾಳೆಯನ್ನು ನಾಲ್ಕು ಮಾಡಿದರೆ 40 ಮಕ್ಕಳಿಗೆ 10 ಸಾಕು, ಹರಿದದ್ದಕ್ಕೆಂದು 12 ತರಿಸಿ. ಬೆಲ್‌ಗೆ 8 ನಿಮಿಷ ಇರುವಾಗ ಕುಂಚ ಕೆಳಗಿಡಿಸಿ, ಪ್ರತಿ ಸಾಲಿನ ಒಬ್ಬರು ಎಲ್ಲ ಕುಂಚಗಳನ್ನು ಬಾಗಿಲ ಬಳಿಯ ಬಕೆಟ್‌ಗೆ ತರಲಿ. ಕೂದಲು ಮೇಲಾಗಿ ಒಣಗಲಿ, ತಲೆಕೆಳಗಾಗಿ ಇಟ್ಟರೆ ಮುಂದಿನ ವಾರಕ್ಕೆ ತುದಿ ಬಾಗಿರುತ್ತದೆ.