‘ದಿ ವಾಕಿಂಗ್ ಡೆಡ್’ ಸೀರೀಸ್‌ನಲ್ಲಿ ಅಂಥದ್ದೇನಿದೆ? ನೋಡಬಹುದಾ?
ಮೊದಲ ಐದು ಸೀಸನ್ ಧಾರಾಳ ನೋಡಿ. ಜೋಂಬಿಗಳು (ಸತ್ತ ಮೇಲೂ ಎದ್ದು ಓಡಾಡುವ ಹೆಣಗಳು) ಬರೀ ನೆಪ. ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಗೇಟ್ ಹಾಕಬೇಕು ಅನ್ನುವ ಬದುಕಿದವರ ಜಗಳವೇ ಜಾಸ್ತಿ. 2020ರ ಕೊರೋನಾ ಲಾಕ್‌ಡೌನ್‌ನಲ್ಲಿ ಕರ್ನಾಟಕ-ಕೇರಳದ ನಡುವಿನ ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೊರಟ ನಮ್ಮ ಕಾಸರಗೋಡಿನ ಆಂಬುಲೆನ್ಸ್‌ಗಳನ್ನು ತಡೆದಿದ್ದರಲ್ವಾ? ಅದು ನೆನಪಿದ್ದವರಿಗೆ ಕಥೆ ಬೇಗ ತಟ್ಟುತ್ತದೆ.

ಮೊದಲ ಎಪಿಸೋಡಲ್ಲೇ ಕೋಮಾದಿಂದ ಎದ್ದ ಕಥಾನಾಯಕ ರಿಕ್ ಖಾಲಿ ಆಸ್ಪತ್ರೆಯಲ್ಲಿ ತಡವರಿಸುತ್ತಾನೆ. ಸರಪಳಿ ಬಿಗಿದ ಬಾಗಿಲ ಸಂದಿಯಿಂದ ಬೆರಳುಗಳು ಹೊರಬರುತ್ತವೆ. ಎದೆ ಝಲ್ಲೆನ್ನುತ್ತದೆ.

ಆದರೆ 2010ರಿಂದ 2022ರವರೆಗೆ 11 ಸೀಸನ್, 177 ಎಪಿಸೋಡ್ ಸುಮ್ನೆ ಎಳೆದರು. ಹೊಸ ಜಾಗ, ಹೊಸ ವಿಲನ್, ಒಂದಷ್ಟು ಸಾವು, ಮತ್ತೆ ಅದೇ. ಎರಡನೇ ಸೀಸನ್ ಒಂದೇ ತೋಟದಲ್ಲಿ ಸುತ್ತುತ್ತದೆ. ಏಳನೇ ಸೀಸನ್ನಿನ ಮೊದಲ ಎಪಿಸೋಡನ್ನು ಮಾತ್ರ ಊಟದ ಹೊತ್ತಿಗೆ ಹಾಕಬೇಡಿ.